ಒಂದು ಮನೆಯಲ್ಲಿ ಎಷ್ಟು ಕಾಯಿ?

ನಮ್ಮ ಆಟದ ಮೂರನೇ ನಿಯಮ ಒಂದೇ ಸಾಲಿನದು: ಒಂದು ಮನೆಯಲ್ಲಿ ಒಂದು ಪಕ್ಷದ ಮೂರು ಕಾಯಿಗಳಿಗಿಂತ ಹೆಚ್ಚು ಇರಕೂಡದು. ಬರೆಯುವಾಗ ಇದು ಜಗಳದ ಸಾಲು ಎಂದು ನಮ್ಮ ನಾಲ್ವರಲ್ಲಿ ಯಾರಿಗೂ ಅನ್ನಿಸಲಿಲ್ಲ. ಗುಂಡಿನ ಲೆಕ್ಕ ಹೇಗೆ, ಮಳೆ ಬಂದರೆ ಏನು, ಗೆದ್ದವರು ಯಾರೆಂದು ತೀರ್ಮಾನಿಸುವುದು ಹೇಗೆ, ಇವೇ ಕಷ್ಟ ಅಂದುಕೊಂಡಿದ್ದೆವು. ಅವೆಲ್ಲ ಒಂದೇ ಸಂಜೆಯಲ್ಲಿ ಮುಗಿದವು. ಮೂರನೇ ನಿಯಮ ಮಾತ್ರ ಮೂರು ಗುರುವಾರ ತಿಂದಿತು. ಈಗ ಅದರ ವಿವರಣೆಯೇ ಒಂದೂವರೆ ಪುಟ ಆಗಿದೆ. ಪೆಟ್ಟಿಗೆಯನ್ನು ಲೈಬ್ರರಿಯಲ್ಲಿ ಇಟ್ಟ ಮೇಲೆ ಬಿಚ್ಚಿ ನೋಡಿದ ಫಸ್ಟ್ ಪಿಯುಸಿಯವರು, "ಆಟದ ನಿಯಮ ಎಲ್ಲ ಸೇರಿ ನಾಲ್ಕು ಪುಟ, ಇದೊಂದಕ್ಕೇ ಒಂದೂವರೆ ಪುಟ ಯಾಕೆ?" ಎಂದು ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಇಲ್ಲಿ ಬರೆಯುವುದು ಒಳ್ಳೆಯದು.

ಮೊದಲು ಆಟ ಯಾವುದೆಂದು ಹೇಳುತ್ತೇನೆ. ಇತಿಹಾಸದ ಯುದ್ಧಗಳನ್ನು ನಕ್ಷೆಯ ಮೇಲೆ ಆಡುವ ಆಟಗಳನ್ನು ವಾರ್‌ಗೇಮ್ ಅನ್ನುತ್ತಾರೆ. ನಕ್ಷೆಯ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಸೈನ್ಯದ ಒಂದೊಂದು ತುಕಡಿಗೆ ಒಂದೊಂದು ಚೌಕಾಕಾರದ ರಟ್ಟಿನ ಕಾಯಿ. ಅಮೆರಿಕ, ಯುರೋಪಿನಲ್ಲಿ ಇವುಗಳನ್ನು ಮಾಡಿ ಮಾರುವ ಕಂಪನಿಗಳೇ ಇವೆ. ಆ ಪೆಟ್ಟಿಗೆಗಳು ಇಲ್ಲಿಗೆ ಬರುವಷ್ಟರಲ್ಲಿ ಸಾವಿರಾರು ರೂಪಾಯಿ ಆಗುತ್ತದೆ. ಹಾಗಾಗಿ ನಾವು ಡ್ರಾಯಿಂಗ್ ಶೀಟು, ಮದುವೆ ಪತ್ರಿಕೆಗಳ ರಟ್ಟು, ಎರಡು ಲೂಡೋ ದಾಳ ಇಟ್ಟುಕೊಂಡು ನಮ್ಮದೇ ಒಂದನ್ನು ಮಾಡಿದೆವು. ಮದುವೆ ಪತ್ರಿಕೆಯ ರಟ್ಟು ಕಾಯಿಗೆ ಬಹಳ ಚೆನ್ನಾಗಿ ಒದಗುತ್ತದೆ, ಯಾರಾದರೂ ಮಾಡುವುದಿದ್ದರೆ ನೆನಪಿಡಿ. ಆರಿಸಿಕೊಂಡ ಕಾಳಗ 1916ರದು: ಇರಾಕಿನ ಕುತ್ ಅಲ್ ಅಮಾರಾ.

ಪಾಠದಲ್ಲಿ ಮೊದಲ ಮಹಾಯುದ್ಧ ಎಂದರೆ ಫ್ರಾನ್ಸಿನ ಕಂದಕಗಳು. ಮೆಸೊಪೊಟೇಮಿಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಅಲ್ಲಿ ಬ್ರಿಟಿಷರ ಪರವಾಗಿ ಹೋರಾಡಿದವರಲ್ಲಿ ಹೆಚ್ಚಿನವರು ನಮ್ಮ ದೇಶದವರೇ. ಜನರಲ್ ಟೌನ್‌ಶೆಂಡ್ ಆರನೇ ಪೂನಾ ಡಿವಿಷನ್ ಜೊತೆ ಬಗ್ದಾದಿನ ಹತ್ತಿರದವರೆಗೆ ಹೋಗಿ, 1915ರ ನವೆಂಬರಿನಲ್ಲಿ ಟೆಸಿಫಾನ್‌ನಲ್ಲಿ ಆಟೋಮನ್ ಸೈನ್ಯದ ಎದುರು ನಿಂತ. ಅಲ್ಲಿಂದ ಹಿಂದೆ ಸರಿದು ಟೈಗ್ರಿಸ್ ನದಿಯ ತಿರುವಿನಲ್ಲಿರುವ ಕುತ್ ಎಂಬ ಸಣ್ಣ ಊರಿಗೆ ಬಂದು ಕುಳಿತ. ಡಿಸೆಂಬರ್ ಮೊದಲ ವಾರದಲ್ಲಿ ಮುತ್ತಿಗೆ ಬಿತ್ತು. ಬಿಡಿಸಲು ಕೆಳಗಿನಿಂದ ಜನರಲ್ ಏಲ್ಮರ್ ಹೊರಟ. ಆಮೇಲೆ ಅವನ ಜಾಗಕ್ಕೆ ಗೋರಿಂಜ್ ಬಂದ. ಜನವರಿಯಿಂದ ಏಪ್ರಿಲ್‌ವರೆಗೆ ಶೇಖ್ ಸಾದ್, ವಾದಿ, ಹನ್ನಾ, ದುಜೈಲಾ, ಸನ್ನೈಯತ್ ಎಂದು ಒಂದರ ಮೇಲೊಂದು ಕಾಳಗ. ಯಾವುದೂ ಕುತ್ ಮುಟ್ಟಲಿಲ್ಲ. 1916ರ ಏಪ್ರಿಲ್ 29ರಂದು ಟೌನ್‌ಶೆಂಡ್ ಶರಣಾದ. ಸುಮಾರು 13 ಸಾವಿರ ಜನ ಸೆರೆಯಾದರು. ಅವರನ್ನು ಬಿಡಿಸಲು ಹೋದವರಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 23 ಸಾವಿರ. ಉಳಿಸಬೇಕಾದವರಿಗಿಂತ ಉಳಿಸಲು ಹೋಗಿ ಬಿದ್ದವರೇ ಹೆಚ್ಚು. ಈ ಲೆಕ್ಕ ಓದಿದ ದಿನವೇ ಆಟ ಇದೇ ಎಂದು ನಿಶ್ಚಯವಾಯಿತು.

ಉಸ್ಮಾನಿಗಳ ಕಡೆ ಆಡಲು ನಮ್ಮಲ್ಲಿ ಎಲ್ಲರಿಗೂ ಆಸೆ. ಖಲೀಫರ ಸೈನ್ಯ ಎಂಬ ಹೆಮ್ಮೆ ಒಂದು, ಗೆದ್ದ ಕಡೆ ಎಂಬುದು ಇನ್ನೊಂದು. ಚೀಟಿ ಎತ್ತಿದಾಗ ನನಗೆ ಮತ್ತು ನನ್ನ ರೂಮ್‌ಮೇಟ್‌ಗೆ ಆ ಕಡೆ ಬಂತು. ಬ್ರಿಟಿಷ್ ಕಡೆ ಬಂದವರಲ್ಲಿ ಒಬ್ಬ ಗದಗದ ಕಡೆಯ ಹುಡುಗ, ಕಾಮರ್ಸ್. ತಲೆತಲಾಂತರದಿಂದ ಕುದುರೆಗೆ ನಾಲು ಕಟ್ಟುತ್ತಿದ್ದ ಮನೆತನ ಅವನದು. ಮನೆತನದ ಹೆಸರಿನಲ್ಲೇ ಆ ಕಸುಬು ಇದೆ, ಕಸುಬು ಮಾತ್ರ ಅವನ ಅಜ್ಜನ ಕಾಲಕ್ಕೇ ನಿಂತಿತು. ಮುಂದೆ ಇವನು ಮತ್ತೆ ಬರುತ್ತಾನೆ. ಇನ್ನೊಬ್ಬ ಭಟ್ಕಳದವನು, ಮಿತಭಾಷಿ. ಕುತ್‌ನೊಳಗೆ ಮುತ್ತಿಗೆಯಲ್ಲಿ ಸಿಕ್ಕವರಲ್ಲೂ, ಬಿಡಿಸಲು ಬಂದವರಲ್ಲೂ ಮುಸ್ಲಿಂ ಸಿಪಾಯಿಗಳು ಬಹಳ ಇದ್ದರು. ಎದುರಿಗೂ ಮುಸ್ಲಿಮರು. ಎರಡೂ ಕಡೆ ನಮಾಝ್ ಮಾಡುವವರೇ. ಆಟ ಶುರುವಾದ ಮೇಲೆ ಯಾವ ಕಡೆ ಎಂಬ ಹೆಮ್ಮೆ ತಾನಾಗಿಯೇ ಸ್ವಲ್ಪ ಇಳಿಯಿತು.

ಇನ್ನು ನಿಯಮಕ್ಕೆ ಬರೋಣ. ಒಂದೇ ಮನೆಯಲ್ಲಿ ಒಂದರ ಮೇಲೊಂದು ಕಾಯಿ ಪೇರಿಸುವುದಕ್ಕೆ ಸ್ಟ್ಯಾಕಿಂಗ್ ಅನ್ನುತ್ತಾರೆ. ಚೌಕಾಬಾರ ಆಡಿದವರಿಗೆ ಇದು ಹೊಸದಲ್ಲ. ಒಂದೇ ಮನೆಯಲ್ಲಿ ಎರಡು ಕಾಯಿ ಕೂಡಿದರೆ ಗಟ್ಟಿ ಆಯಿತು ಅನ್ನುತ್ತೇವೆ, ಒಂಟಿ ಕಾಯಿ ಅದನ್ನು ಹೊಡೆಯಲಾರದು. ವಾರ್‌ಗೇಮಿನಲ್ಲೂ ಹಾಗೇ, ಕೂಡಿದರೆ ಬಲ. ಹಾಗಿದ್ದರೆ ಎಲ್ಲ ಕಾಯಿಗಳನ್ನೂ ಒಂದೇ ಮನೆಗೆ ತಂದು ಗುಡ್ಡೆ ಹಾಕಿ ನುಗ್ಗಿಬಿಡಬಹುದಲ್ಲ? ಅದನ್ನು ತಡೆಯಲು ಮಿತಿ.

ಆದರೆ ಮಿತಿ ಎಲ್ಲ ಆಟದಲ್ಲೂ ಒಂದೇ ಅಲ್ಲ. ಬೇರೆ ಆಟಗಳ ನಿಯಮ ಹುಡುಕಿ ಓದಿದಾಗ ನನಗೆ ಬಹಳ ಮಜಾ ಕೊಟ್ಟಿದ್ದು ಇದೇ ಭಾಗ. 2004ರ ಮೆಮೊಯರ್ '44 ಎಂಬ ಸರಳ ಆಟದಲ್ಲಿ ಒಂದು ಮನೆಗೆ ಒಂದೇ ತುಕಡಿ, ಚರ್ಚೆಯೇ ಇಲ್ಲ. ಮೊದಲ ಮಹಾಯುದ್ಧ ಇಡಿಯಾಗಿ ಇರುವ ಪಾತ್ಸ್ ಆಫ್ ಗ್ಲೋರಿ 1999ರದು, ಅದರಲ್ಲಿ ಮೂರು. ಅಲ್ಲಿ ಒಂದು ಇಡೀ ಆರ್ಮಿಗೂ ಒಂದು ಸಣ್ಣ ಕೋರ್‌ಗೂ ಲೆಕ್ಕ ಒಂದೇ: ಎರಡೂ ಒಂದೊಂದು ಕಾಯಿ. ಕೋಟೆ ಮಾತ್ರ ಎಣಿಕೆಗೆ ಇಲ್ಲ. 1970ರ ಪ್ಯಾಂಜರ್‌ಬ್ಲಿಟ್ಜ್‌ನಲ್ಲಿ ಇನ್ನೂ ವಿಚಿತ್ರ. ಅದೇ ನೆಲ, ಅದೇ ಮನೆ, ಜರ್ಮನರಿಗೆ ಮೂರು ಕಾಯಿ, ರಷ್ಯನ್ನರಿಗೆ ಎರಡೇ. ಯಾಕೆಂದರೆ ಜರ್ಮನ್ ಕಾಯಿ ಒಂದು ಪ್ಲಟೂನ್, ರಷ್ಯನ್ ಕಾಯಿ ಒಂದು ಕಂಪನಿ. ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್‌ನಲ್ಲಿ ಮೂರು ಸ್ಕ್ವಾಡ್, ನಾಯಕರದು ಬೇರೆ ಲೆಕ್ಕ. ಮಿತಿ ಮೀರಿ ತುಂಬಬಹುದು, ಆದರೆ ತುಂಬಿದವನೇ ದಂಡ ತೆರಬೇಕು. 1976ರ ಪ್ಯಾಂಜರ್‌ಗ್ರುಪ್ಪೆ ಗುಡೇರಿಯನ್‌ನಲ್ಲಿ ಇದಕ್ಕೆ ತದ್ವಿರುದ್ಧ ಆಮಿಷ: ಒಂದೇ ಜರ್ಮನ್ ಡಿವಿಷನ್ನಿನ ಕಾಯಿಗಳೆಲ್ಲ ಒಂದೇ ಮನೆಯಲ್ಲಿ ಕೂಡಿದರೆ ಅವುಗಳ ಬಲ ಇಮ್ಮಡಿ. ಒಟ್ಟಿಗೆ ತರಬೇತಿ ಪಡೆದವರು ಒಟ್ಟಿಗೆ ಹೋರಾಡಿದರೆ ಬೇರೆಯೇ ಎಂಬ ಮಾತನ್ನು ಆಟ ಮಾಡಿದವರು ಹೀಗೆ ನಿಯಮದಲ್ಲಿ ಬರೆದಿದ್ದಾರೆ.

ಇದನ್ನೆಲ್ಲ ಓದಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಮಿತಿ ಇರುವುದು ಜಾಗ ಸಾಲದು ಎಂದಲ್ಲ. ನಮ್ಮ ನಕ್ಷೆಯಲ್ಲಿ ಒಂದು ಮನೆ ಎಂದರೆ ಸುಮಾರು ಒಂದು ಮೈಲಿ. ಒಂದು ಮೈಲಿ ಚೌಕದಲ್ಲಿ ಹತ್ತು ಸಾವಿರವಲ್ಲ, ಲಕ್ಷ ಜನ ನಿಲ್ಲಬಹುದು. ಈದ್ಗಾ ಮೈದಾನದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಸಫ್ ಕಟ್ಟಿದಾಗ ಎಷ್ಟು ಜನ ಹಿಡಿಸುತ್ತಾರೆ ಎಂದು ನಾವು ವರ್ಷಕ್ಕೆ ಎರಡು ಸಲ ನೋಡುತ್ತೇವೆ. ಆದರೆ ಅದೇ ಜನ ಅಲ್ಲೇ ನಾಲ್ಕು ದಿನ ಇರಬೇಕು, ಅಲ್ಲೇ ಉಣ್ಣಬೇಕು, ಎದುರಿನಿಂದ ಗುಂಡು ಬರುವಾಗ ಮುಂದೆ ಹೋಗಬೇಕು ಎಂದರೆ ಕಥೆ ಬೇರೆ. ಮಿತಿ ಎಂದರೆ ದಾರಿಯ ಮಿತಿ, ಅನ್ನದ ಮಿತಿ, ಅಪ್ಪಣೆ ತಲುಪುವ ಮಿತಿ.

ನಮ್ಮ ನಿಯಮ ಕೆಟ್ಟಿದ್ದು ಆಟದ ಮೊದಲ ನಿಮಿಷದಲ್ಲೇ. ಕಾಯಿ ಜೋಡಿಸುವಾಗ ಭಟ್ಕಳದವನು ಕುತ್ ಮನೆಯ ಮೇಲೆ ಪೂನಾ ಡಿವಿಷನ್ನಿನ ಬ್ರಿಗೇಡುಗಳನ್ನು ಇಟ್ಟ: 16, 17, 18. ಮೂರಾಯಿತು. ಆಮೇಲೆ ಕೈಯಲ್ಲಿ 30ನೇ ಬ್ರಿಗೇಡ್ ಹಿಡಿದು ಕುಳಿತ. ನಿಜವಾದ ಕುತ್‌ನಲ್ಲಿ ಅದೂ ಇತ್ತು. ನಮ್ಮ ನಿಯಮದ ಪ್ರಕಾರ ಅದಕ್ಕೆ ಜಾಗ ಇಲ್ಲ! ಎಲ್ಲ ಕಡೆ ಮಿತಿಯನ್ನು ನಾಲ್ಕಕ್ಕೆ ಏರಿಸೋಣ ಎಂದ ನನ್ನ ರೂಮ್‌ಮೇಟ್. ಅವನ ಮುಖ ನೋಡಿಯೇ ಗೊತ್ತಾಯಿತು, ಹನ್ನಾದಲ್ಲಿ ನಾಲ್ಕು ಉಸ್ಮಾನಿ ಕಾಯಿ ಪೇರಿಸುವ ಯೋಚನೆ. ಕೊನೆಗೆ ಕುತ್ ಊರಿಗೆ ಮಾತ್ರ ವಿನಾಯಿತಿ ಕೊಟ್ಟೆವು. ಮುತ್ತಿಗೆಗೆ ಸಿಕ್ಕವರು ಎಲ್ಲಿಗೂ ಹೋಗಬೇಕಾಗಿಲ್ಲ, ಅವರಿಗೆ ದಾರಿ ಬೇಡ, ಹಾಗಾಗಿ ದಾರಿಯ ಮಿತಿ ಅವರಿಗಿಲ್ಲ. ಅಲ್ಲಿರುವುದು ಅನ್ನದ ಮಿತಿ ಮಾತ್ರ. ಆಗ ಈ ವಿಂಗಡಣೆ ಬರೀ ಅನುಕೂಲಕ್ಕೆ ಮಾಡಿದ್ದು. ಇದೇ ಮುಂದೆ ದೊಡ್ಡದಾಗುತ್ತದೆ.

ಎರಡನೇ ಪ್ರಶ್ನೆ ಯಾವಾಗ ಎಣಿಸುವುದು ಎಂಬುದು. ಮೂರು ಕಾಯಿ ಇರುವ ಮನೆಯನ್ನು ನಾಲ್ಕನೆಯದು ದಾಟಿಹೋಗಬಹುದೋ ಇಲ್ಲವೋ? ಸಾಮಾನ್ಯವಾಗಿ ಇಂಥ ಆಟಗಳಲ್ಲಿ ನಡೆ ಮುಗಿದ ಮೇಲೆ ಎಣಿಸುತ್ತಾರೆ. ದಾಟುವವರು ದಾಟಲಿ, ನಿಂತವರನ್ನು ಎಣಿಸು. ಬಯಲಿನಲ್ಲಿ ಇದು ಸರಿ. ಹನ್ನಾದಲ್ಲಿ ಸರಿಯಲ್ಲ. ಹನ್ನಾ ಎಂದರೆ ಒಂದು ಪಕ್ಕ ಟೈಗ್ರಿಸ್, ಇನ್ನೊಂದು ಪಕ್ಕ ಸುವೈಕಿಯಾ ಎಂಬ ಜೌಗು. ನಡುವೆ ಒಂದು ಮೈಲಿಯ ಆಸುಪಾಸು ಅಗಲದ ಒಣನೆಲ. ಒಣನೆಲ ಎಂದು ಬಾಯಿಮಾತಿಗೆ ಹೇಳುವುದು, 1916ರ ಜನವರಿ 21ರಂದು ಅದೂ ಮಳೆಗೆ ಕೆಸರಾಗಿತ್ತು. ಫ್ರಾನ್ಸಿನಿಂದ ಬಂದಿದ್ದ ಮೀರಟ್ ಡಿವಿಷನ್ನಿನ ಜನ ಅಲ್ಲಿ ನೇರವಾಗಿ ನುಗ್ಗಬೇಕಾಯಿತು. ಒಂದೇ ದಿನ ಸುಮಾರು 2,700 ಮಂದಿ ಸತ್ತರು ಅಥವಾ ಗಾಯಗೊಂಡರು. ಏಲ್ಮರ್ ಬಳಿ ಇನ್ನಷ್ಟು ಜನ ಇದ್ದಿದ್ದರೂ ಆ ಪಟ್ಟಿಯಲ್ಲಿ ಅವರನ್ನು ಎಲ್ಲಿ ಇಡುತ್ತಿದ್ದ? ಬಸ್ಸಿನ ಬಾಗಿಲಲ್ಲಿ ಇಬ್ಬರು ನಿಂತರೆ ಒಳಗೆ ಎಷ್ಟು ಸೀಟು ಖಾಲಿ ಇದ್ದರೂ ಏನು ಪ್ರಯೋಜನ? ಆದ್ದರಿಂದ ಹನ್ನಾ ಮತ್ತು ಸನ್ನೈಯತ್ ಮನೆಗಳಿಗೆ ಮಿತಿ ಎರಡು, ಅಲ್ಲಿ ದಾಟುವವರನ್ನೂ ಎಣಿಸಬೇಕು ಎಂದು ಬರೆದೆವು. ಸುತ್ತಿ ಹೋಗುವುದಾದರೆ ನದಿಯ ಬಲದಂಡೆಯಿಂದ ಹೋಗಲಿ. ನಿಜದಲ್ಲೂ ಮಾರ್ಚ್ 8ರಂದು ಏಲ್ಮರ್ ಹಾಗೇ ರಾತ್ರಿಯೆಲ್ಲ ನಡೆಸಿ ದುಜೈಲಾ ಮುಟ್ಟಿದ. ಬೆಳಗ್ಗೆ ಅಲ್ಲಿ ಕಾವಲು ತೀರಾ ಕಡಿಮೆ ಇತ್ತು. ಆದರೂ ತೋಪುಗಳಿಗಾಗಿ ಕಾದರು, ಅಷ್ಟರಲ್ಲಿ ಉಸ್ಮಾನಿಗಳು ಬಂದು ತುಂಬಿಕೊಂಡರು. ಓದುವಾಗ ಉಸ್ಮಾನಿ ಕಡೆಯ ನನಗೇ ಹೊಟ್ಟೆ ಉರಿಯಿತು.

ಹಿಮ್ಮೆಟ್ಟುವವರ ಪ್ರಶ್ನೆ ಬೇಗ ಮುಗಿಯಿತು. ಸೋತ ಕಾಯಿ ಹಿಂದಿನ ಮನೆಗೆ ಸರಿಯಬೇಕು, ಅಲ್ಲಿ ಆಗಲೇ ಮಿತಿ ತುಂಬಿದ್ದರೆ ಇನ್ನೂ ಒಂದು ಮನೆ ಹಿಂದೆ. ಅಲ್ಲೂ ಇಲ್ಲದಿದ್ದರೆ ಕಾಯಿ ಪೆಟ್ಟಿಗೆಗೆ. ಕ್ರೂರ ಅನ್ನಿಸಬಹುದು, ಆದರೆ ಹಿಂದೆ ಜನ ತುಂಬಿ ನಿಲ್ಲಿಸುವವನು ಇದನ್ನು ಮೊದಲೇ ಯೋಚಿಸಬೇಕು. ನಾಯಕರ ಕಾಯಿ ಎಣಿಕೆಗೆ ಇಲ್ಲ. ಏಲ್ಮರ್ ಒಬ್ಬನೇ ಎಷ್ಟು ಜಾಗ ತಿಂದಾನು?

ಇಲ್ಲಿಗೆ ಮುಗಿಯಬೇಕಿತ್ತು. ಎರಡನೇ ಗುರುವಾರ ಗದಗದವನು ಕೇಳಿದ, "ಫಾಲೋಯರ್ಸ್ ಕಾಯಿ ಎಲ್ಲಿ?"

ಅವನು ಅವತ್ತು ಸೆರೆಯಾದವರ ಲೆಕ್ಕ ಓದಿಕೊಂಡು ಬಂದಿದ್ದ. 13 ಸಾವಿರದಲ್ಲಿ 3 ಸಾವಿರಕ್ಕೂ ಮಿಕ್ಕಿ ಜನ ಸಿಪಾಯಿಗಳೇ ಅಲ್ಲ. ಸೈನ್ಯದ ಕಾಗದಗಳಲ್ಲಿ ಅವರ ಹೆಸರು ಫಾಲೋಯರ್ಸ್, ಅಂದರೆ ಹಿಂದೆ ಬಂದವರು. ಮಶಕದಲ್ಲಿ ನೀರು ಹೊರುವ ಭಿಸ್ತಿಗಳು, ಕುದುರೆ ನೋಡುವ ಸಾಯಿಸರು, ಅಡಿಗೆಯವರು, ಡೋಲಿ ಹೊರುವವರು, ಹೇಸರಗತ್ತೆ ಹೊಡೆಯುವವರು, ಜಾಡಮಾಲಿಗಳು, ನಾಲಬಂದರು. ಕುತ್‌ನೊಳಗೆ ನಾಲ್ಕು ಜನರಲ್ಲಿ ಹೆಚ್ಚುಕಡಿಮೆ ಒಬ್ಬ ಇಂಥವನು. ಇಡೀ ಯುದ್ಧದ ಲೆಕ್ಕ ತೆಗೆದರೆ ಭಾರತದಿಂದ ಸೇರಿಸಿಕೊಂಡ 14 ಲಕ್ಷ ಜನರಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ ಹೋರಾಡುವವರಲ್ಲ. "ಕುದುರೆ ದಂಡಿಗೆ ಕಾಯಿ ಇದೆ, ನಾಲು ಬಡಿದವನಿಗೆ ಇಲ್ಲ. ಅವನು ಗಾಳಿಯಲ್ಲಿ ತೇಲಿ ಬಂದನಾ ಕುತ್‌ಗೆ? ಅವನಿಗೂ ದಾರಿ ಬೇಕಲ್ಲ" ಎಂದ.

ಪ್ರಕಟವಾದ ಆಟಗಳ ಬೆಂಬಲ ನನಗಿತ್ತು. ಸರಬರಾಜು, ಸಾಗಣೆ, ಗುರುತಿನ ಚೀಟಿ ಇಂಥವು ಮಿತಿಯ ಲೆಕ್ಕಕ್ಕೆ ಬಾರವು ಎಂದು ಬರೆಯುವುದು ಬಹಳ ಆಟಗಳ ವಾಡಿಕೆ. ನಾನು ಇನ್ನೊಂದು ಮಾತೂ ಹೇಳಿದೆ, ಅದರಲ್ಲಿ ಹುರುಳಿದೆ ಎಂದು ಈಗಲೂ ಅಂದುಕೊಂಡಿದ್ದೇನೆ. ನಮ್ಮ ಆಟ ಜನವರಿ ಮೊದಲ ವಾರದಿಂದ ಏಪ್ರಿಲ್ ಕೊನೆಯವರೆಗೆ, ವಾರಕ್ಕೊಂದು ಸರದಿಯಂತೆ 17 ಸರದಿ. ಕುತ್‌ನಲ್ಲಿ ನಾಲ್ಕು ಬ್ರಿಗೇಡ್, ವಾರಕ್ಕೆ ತಲಾ ಒಂದು ಅನ್ನದ ಚೀಟಿ. ಹಾಗಾಗಿ ಆರಂಭದಲ್ಲಿ 68 ಚೀಟಿ ಕೊಟ್ಟಿದ್ದೆವು. ಐದನೇ ಕಾಯಿಯೊಂದು ಉಣ್ಣಲು ಕುಳಿತರೆ 13 ವಾರಕ್ಕೆ 65 ಚೀಟಿ ಖರ್ಚಾಗಿ 3 ಉಳಿಯುತ್ತವೆ. ಅಂದರೆ ಏಪ್ರಿಲ್ ಹುಟ್ಟಿದ ಕೂಡಲೇ ಕುತ್ ಬೀಳುತ್ತದೆ. ಇತಿಹಾಸದಲ್ಲಿ ಬಿದ್ದಿದ್ದು ಏಪ್ರಿಲ್ 29ಕ್ಕೆ. ಆ ತಾರೀಖಿನೊಳಗೆ ಫಾಲೋಯರ್ಸ್ ಉಂಡಿದ್ದೂ ಸೇರಿಯೇ ಇದೆ. ಅವರನ್ನು ಎಣಿಸುವುದಾದರೆ ಚೀಟಿಯನ್ನು 85ಕ್ಕೆ ಏರಿಸಬೇಕು, ಆಗ ಮತ್ತೆ ಅದೇ 17 ವಾರ. ಉತ್ತರ ಬದಲಾಗದ ಮೇಲೆ ಲೆಕ್ಕ ಯಾಕೆ ಉದ್ದ ಮಾಡಬೇಕು?

"ಹಾಗಾದರೆ 85 ಅಂತಲೇ ಬರಿ" ಎಂದ. ಅವನ ವಾದ ಹೀಗಿತ್ತು. 68 ಎಂದು ಬರೆದರೆ ಕುತ್‌ನಲ್ಲಿ ನಾಲ್ಕು ಬಾಯಿ. 85 ಎಂದು ಬರೆದರೆ ಐದು. ಐದು ಇದ್ದಾಗ ಆಡುವವನಿಗೆ ಒಂದು ಆಯ್ಕೆ ಬರುತ್ತದೆ: ಯಾರ ಅನ್ನ ಮೊದಲು ಅರ್ಧ ಮಾಡುವುದು? ನಾಲ್ಕೇ ಬಾಯಿ ಇರುವ ಆಟದಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಅದಕ್ಕಿಂತ ಮುಖ್ಯ, ಬಿಡಿಸಲು ಬರುವ ಸೈನ್ಯಕ್ಕೂ ಫಾಲೋಯರ್ಸ್ ಇದ್ದಾರೆ. ಹನ್ನಾದ ಎರಡು ಕಾಯಿಯ ಜಾಗದಲ್ಲಿ ಅವರದೂ ಒಂದು ಅಂತಾದರೆ, ಮುಂದೆ ನುಗ್ಗಲು ಉಳಿಯುವುದು ಒಂದೇ.

ಇದನ್ನು ಹೇಳುತ್ತಿದ್ದವನು ಬ್ರಿಟಿಷ್ ಕಡೆಯವನು ಎಂಬುದನ್ನು ಓದುಗರು ಮರೆಯಬಾರದು. ಈ ನಿಯಮ ಬಂದರೆ ಅವನ ಸೈನ್ಯವೇ ನಿಧಾನ, ಅವನೇ ಸೋಲಿಗೆ ಹತ್ತಿರ. ಲಾಭ ನನಗೆ. ನಾನು ಬೇಡ ಅನ್ನುತ್ತಿದ್ದೆ, ಅವನು ಬೇಕು ಅನ್ನುತ್ತಿದ್ದ. ಊಟದ ಹಾಲ್‌ನಲ್ಲಿ ಪಕ್ಕದ ಮೇಜಿನವರು ಇದನ್ನು ಕೇಳಿಸಿಕೊಂಡು ನಮಗೆ ತಲೆ ಕೆಟ್ಟಿದೆ ಎಂದು ತೀರ್ಮಾನಿಸಿದರು.

ಲೆಕ್ಕ ಎಂಬುದು ಸಣ್ಣ ವಿಷಯವಲ್ಲ ಎಂದು ನನಗೆ ಮನದಟ್ಟಾಗಿದ್ದು ಟೌನ್‌ಶೆಂಡ್‌ನದೇ ಲೆಕ್ಕದಿಂದ. ಆಹಾರ ಬೇಗ ಮುಗಿಯುತ್ತದೆ ಎಂದು ಅವನು ಮೊದಲು ಸುದ್ದಿ ಕಳಿಸಿದ. ಅದಕ್ಕೇ ಏಲ್ಮರ್ ತಯಾರಿ ಮುಗಿಯುವ ಮೊದಲೇ ಹೊರಟ. ದೋಣಿ, ಸ್ಟೀಮರುಗಳ ಕೊರತೆಯಿಂದ ಬಸ್ರಾದಲ್ಲಿ ಬಂದಿಳಿದ ಜನ, ಸಾಮಾನು ಅಲ್ಲೇ ಗುಡ್ಡೆಯಾಗಿ ಉಳಿದವು, ಮುಂದೆ ಇದ್ದವರಿಗೆ ತಲುಪಲಿಲ್ಲ. ಶೇಖ್ ಸಾದ್, ವಾದಿ, ಹನ್ನಾ ಮೂರೂ ಮುಗಿದು ಸಾವಿರಾರು ಜನ ಬಿದ್ದ ಮೇಲೆ, ಜನವರಿ ಕೊನೆಗೆ, ಊರಿನ ಮನೆಗಳನ್ನು ಶೋಧಿಸಿದಾಗ ಧಾನ್ಯ ಸಿಕ್ಕಿತು, ಇನ್ನೂ ಬಹಳ ದಿನಕ್ಕೆ ಸಾಕಾಗುವಷ್ಟು. ಏನನ್ನು ಎಣಿಸಬೇಕು, ಯಾರನ್ನು ಎಣಿಸಬೇಕು ಎಂಬುದು ಮೊದಲೇ ಸರಿಯಾಗಿದ್ದರೆ ಆ ಆತುರ ಇರುತ್ತಿರಲಿಲ್ಲ.

ಆಗ ಅಷ್ಟು ಹೊತ್ತು ಸುಮ್ಮನಿದ್ದ ಭಟ್ಕಳದವನು, "ಆ ಮನೆಗಳಲ್ಲಿ ಇದ್ದವರು ಯಾರು?" ಎಂದ. ಕುತ್ ಊರಿನ ಅರಬರು, ಹೆಂಗಸರು ಮಕ್ಕಳು ಸೇರಿ ಸುಮಾರು 6 ಸಾವಿರ. ಸಿಕ್ಕ ಧಾನ್ಯ ಅವರದು. ಮುತ್ತಿಗೆಯಲ್ಲಿ ಅವರೂ ಒಳಗೇ ಇದ್ದರು, ಅವರ ಮೇಲೂ ಗುಂಡು ಬೀಳುತ್ತಿತ್ತು. ಶರಣಾಗತಿಯ ನಂತರ, ಬ್ರಿಟಿಷರಿಗೆ ನೆರವಾದರು ಎಂದು ಅವರಲ್ಲಿ ಕೆಲವರನ್ನು ಉಸ್ಮಾನಿಗಳು, ಅಂದರೆ ನಮ್ಮ ಕಡೆಯವರು, ಗಲ್ಲಿಗೇರಿಸಿದರು. ನಮ್ಮ ನಕ್ಷೆಯಲ್ಲಿ ಆ ಊರು ಒಂದು ಕಪ್ಪು ಚುಕ್ಕಿ. ಅವತ್ತು ಆಟ ಮುಂದುವರಿಯಲಿಲ್ಲ. ಇಶಾಗೆ ಹೊತ್ತಾಗಿತ್ತು ಎಂಬುದು ನೆಪ.

ಮೂರನೇ ಗುರುವಾರ ಬರೆದು ಮುಗಿಸಿದ ವಿವರಣೆ ಹೀಗಿದೆ. ಕಾಯಿಗಳಿಗೆ ಎರಡು ಲೆಕ್ಕ: ದಾರಿಯ ಲೆಕ್ಕ, ಅನ್ನದ ಲೆಕ್ಕ. ದಾರಿಯ ಲೆಕ್ಕದಲ್ಲಿ ಪ್ರತಿ ಡಿವಿಷನ್ನಿಗೆ ಒಂದು ಫಾಲೋಯರ್ಸ್ ಕಾಯಿ. ಬಯಲಿನಲ್ಲಿ ಅದನ್ನು ಮಿತಿಗೆ ಎಣಿಸಬೇಕಾಗಿಲ್ಲ, ಹನ್ನಾ ಮತ್ತು ಸನ್ನೈಯತ್‌ನಲ್ಲಿ ಎಣಿಸಬೇಕು. ಆ ಕಾಯಿಯನ್ನು ಹಿಂದೆ ಬಿಟ್ಟು ಹೋಗಲು ಅಡ್ಡಿಯಿಲ್ಲ. ಆದರೆ ಅದರಿಂದ ಎರಡು ಮನೆಗಿಂತ ದೂರ ಹೋದ ಬ್ರಿಗೇಡಿಗೆ ನೀರಿಲ್ಲ, ಗಾಯಾಳುಗಳನ್ನು ಹೊರುವವರಿಲ್ಲ, ಅದರ ಬಲ ಅರ್ಧ. ಅನ್ನದ ಲೆಕ್ಕ ಕುತ್‌ನಲ್ಲಿ ಮಾತ್ರ. ಅಲ್ಲಿ ಉಣ್ಣುವವರೆಲ್ಲ ಕಾಯಿಯೇ: ನಾಲ್ಕು ಬ್ರಿಗೇಡ್, ಒಂದು ಫಾಲೋಯರ್ಸ್. ಊರಿನವರದು ಬೇರೆ ಕಾಯಿ. ಅದಕ್ಕೆ ಅದರದೇ ಚೀಟಿಗಳು ಇವೆ, ಬ್ರಿಟಿಷ್ ಆಟಗಾರ ಅವನ್ನು ಕಿತ್ತುಕೊಳ್ಳಬಹುದು. ಕಿತ್ತುಕೊಂಡರೆ ಆ ಕಾಯಿಯನ್ನು ಬೋರಲು ಹಾಕಬೇಕು. ಬೋರಲು ಹಾಕಿದ್ದಕ್ಕೆ ಅಂಕ ಏನೂ ಕಳೆಯುವುದಿಲ್ಲ. ಬರೀ ಕಣ್ಣೆದುರು ಇರುತ್ತದೆ. ಅಂಕ ಕಳೆಯಬೇಕು ಎಂದು ನನ್ನ ರೂಮ್‌ಮೇಟ್ ಇನ್ನೂ ವಾದಿಸುತ್ತಾನೆ.

ಕುದುರೆ ಮಾಂಸದ ನಿಯಮವೂ ಇಲ್ಲೇ ಬಂತು. ಕುತ್‌ನಲ್ಲಿ ಕೊನೆಗೆ ಕುದುರೆ, ಹೇಸರಗತ್ತೆಗಳನ್ನು ಕಡಿದು ತಿನ್ನಬೇಕಾಯಿತು. ಭಾರತೀಯ ಸಿಪಾಯಿಗಳಲ್ಲಿ ಬಹಳ ಮಂದಿ, ಹಿಂದೂ ಮುಸ್ಲಿಂ ಇಬ್ಬರೂ, ಬಹಳ ದಿನ ಮುಟ್ಟಲಿಲ್ಲ. ಧರ್ಮದ ಮುಖಂಡರಿಂದ ಅನುಮತಿ ತರಿಸಿದ ಮೇಲೂ ಹಿಂಜರಿದರು. ಇದರ ಮೇಲೆ ನಮ್ಮಲ್ಲಿ ಒಂದು ಉಪಚರ್ಚೆ ಆಯಿತು, ಏಕೆಂದರೆ ಭಟ್ಕಳದವನು ಶಾಫಿಈ, ಅವರಲ್ಲಿ ಕುದುರೆ ಮಾಂಸ ಜಾಯಿಝ್. ನಾವು ಉಳಿದ ಮೂವರು ಹನಫಿ, ನಮ್ಮಲ್ಲಿ ಮಕ್ರೂಹ್. ಆಟದಲ್ಲಿ ಕುದುರೆ ಕಡಿದರೆ 4 ಚೀಟಿ ಸಿಗುತ್ತದೆ, ಆದರೆ ದಾಳ ಎಸೆದು 4ಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಭಾರತೀಯ ಬ್ರಿಗೇಡುಗಳು ಉಣ್ಣುತ್ತವೆ.

ಈ ವಿವರಣೆಯೊಂದಿಗೆ ಇಲ್ಲಿಯವರೆಗೆ ಐದು ಸಲ ಆಡಿದ್ದೇವೆ. ಒಂದು ಸಲ ಮಾತ್ರ ಕುತ್ ಬಿಡುಗಡೆಯಾಯಿತು. ಆಡಿದವನು ಗದಗದವನೇ. ಅವನು ಹನ್ನಾದಲ್ಲಿ ನುಗ್ಗಲೇ ಇಲ್ಲ. ಫಾಲೋಯರ್ಸ್ ಕಾಯಿಗಳನ್ನು ಮೊದಲು ಬಲದಂಡೆಗೆ ದಾಟಿಸಿ, ಆರು ವಾರ ಏನೂ ಮಾಡದೆ ಅವುಗಳ ಹಿಂದೆ ಬ್ರಿಗೇಡುಗಳನ್ನು ಒಂದೊಂದಾಗಿ ತಂದ. ನಾವು ನಗುತ್ತಿದ್ದೆವು. ಕುತ್‌ನೊಳಗೆ ಯಾರ ಅನ್ನ ಅರ್ಧ ಮಾಡುವುದು ಎಂದು ಬಂದಾಗ ಐದೂ ಕಾಯಿಗೆ ಸಮನಾಗಿ ಕಡಿಮೆ ಮಾಡಿದ. ಅದರಿಂದ ಎಲ್ಲ ಬ್ರಿಗೇಡುಗಳ ಬಲ ಇಳಿಯಿತು, ನನ್ನ ರೂಮ್‌ಮೇಟ್ ಊರಿನ ಮೇಲೆ ಎರಡು ಸಲ ದಾಳಿ ಮಾಡಿದ, ಎರಡನೇ ಸಲ ಒಂದೇ ಒಂದು ದಾಳದಿಂದ ತಪ್ಪಿತು. 16ನೇ ಸರದಿಯಲ್ಲಿ ದುಜೈಲಾ ಕಡೆಯಿಂದ ಮೂರು ಕಾಯಿಯ ಗಟ್ಟಿ ಕುತ್ ಮುಟ್ಟಿತು. ಊರಿನವರ ಕಾಯಿ ಆಗ ಬೋರಲಾಗಿಯೇ ಇತ್ತು, ಅದನ್ನು ಅವನೂ ತಪ್ಪಿಸಲು ಆಗಲಿಲ್ಲ.

ಉಳಿದ ನಾಲ್ಕು ಸಲ ಕುತ್ ಬಿತ್ತು. ನಿಜವಾದ ಕುತ್‌ನಲ್ಲಿ ಕೊನೆಯ ದಿನಗಳಲ್ಲಿ ವಿಮಾನದಿಂದ ಹಿಟ್ಟಿನ ಮೂಟೆ ಎಸೆದರು. ಏಪ್ರಿಲ್ 24ರ ರಾತ್ರಿ ಜುಲ್ನಾರ್ ಎಂಬ ಸ್ಟೀಮರಿನಲ್ಲಿ 270 ಟನ್ ಸಾಮಾನು ತುಂಬಿ ಕಳಿಸಿದರು, ಅದೂ ಸಿಕ್ಕಿಬಿತ್ತು. ಶರಣಾದವರನ್ನು ಬಗ್ದಾದಿಗೆ, ಅಲ್ಲಿಂದ ಮರುಭೂಮಿ ದಾಟಿಸಿ ನಡೆಸಿದರು. ಆ ನಡಿಗೆಯಲ್ಲಿ, ಆಮೇಲೆ ರೈಲುದಾರಿ ಹಾಕುವ ಕೆಲಸದಲ್ಲಿ, ಸಾವಿರಾರು ಜನ ಸತ್ತರು. ಅಲ್ಲಿ ಸಿಪಾಯಿ ಯಾರು, ಭಿಸ್ತಿ ಯಾರು ಎಂಬ ವ್ಯತ್ಯಾಸ ಉಳಿದಿರಲಿಲ್ಲ.

ಈಗ ಎರಡನೇ ನಕ್ಷೆ ಬರೆಯುತ್ತಿದ್ದೇವೆ: ಹೈಫಾ, 1918ರ ಸೆಪ್ಟೆಂಬರ್ 23. ಇದರಲ್ಲಿ ನಮ್ಮ ರಾಜ್ಯದವರೇ ಇದ್ದಾರೆ, ಮೈಸೂರು ಲ್ಯಾನ್ಸರ್ಸ್. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಹೈಫಾದ ದಾರಿ ಹನ್ನಾದಂತೆಯೇ: ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕ ಕಿಶೋನ್ ಹೊಳೆ, ಹೊಳೆಯ ದಂಡೆಯಲ್ಲಿ ಕುದುರೆ ಹೂತುಹೋಗುವ ಮರಳು. ಅಲ್ಲಿ ಎಲ್ಲರೂ ಒಂದೇ ದಾರಿಗೆ ನುಗ್ಗಲಿಲ್ಲ. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಮೇಲಿನ ತೋಪುಗಳನ್ನು ಹಿಡಿಯಿತು, ಕೆಳಗಿನ ಸಂದಿಯಲ್ಲಿ ಜೋಧಪುರದವರು ಕುದುರೆ ಓಡಿಸಿದರು. ಈ ನಕ್ಷೆಯಲ್ಲಿ ಮನೆ ಚಿಕ್ಕದು, ಕಾಯಿ ಒಂದೊಂದು ಸ್ಕ್ವಾಡ್ರನ್. ಆ ಸಂದಿಯ ಮನೆಗೆ ಮಿತಿ ಒಂದು ಎಂದು ನಾನು ಬರೆದಿದ್ದೇನೆ. ಎರಡು ಇರಬೇಕು ಎಂದು ಭಟ್ಕಳದವನು ಪೆನ್ಸಿಲಿನಲ್ಲಿ ತಿದ್ದಿದ್ದಾನೆ. ಮೈಸೂರು ಸಂಸ್ಥಾನ ಲ್ಯಾನ್ಸರ್ಸ್ ಜೊತೆಗೆ ಒಂದು ಟ್ರಾನ್ಸ್‌ಪೋರ್ಟ್ ಕೋರನ್ನೂ ಸಾಕಿತ್ತು ಎಂದು ಗದಗದವನು ಎಲ್ಲೋ ಓದಿ ಬಂದಿದ್ದಾನೆ, ಹಾಗಾಗಿ ಮುಂದಿನ ಗುರುವಾರ ಯಾವುದರ ಮೇಲೆ ಚರ್ಚೆ ಎಂದು ನನಗೆ ಈಗಲೇ ಗೊತ್ತು. ಅಸರ್ ಆದ ಮೇಲೆ ಊಟದ ಹಾಲ್‌ನಲ್ಲಿ ಇರುತ್ತೇವೆ, ಬರುವವರು ಬರಬಹುದು. ದಾಳ ನಮ್ಮಲ್ಲಿದೆ, ಮದುವೆ ಪತ್ರಿಕೆ ಇದ್ದರೆ ತನ್ನಿ.